ಹೊಂಬಾಳಮ್ಮನ ಎಡಗೈ ಗಂಟು

ಬೆಳಗಿನ ಐದೂವರೆ. ದಬ್ಬೇಘಟ್ಟದ ಕಡೆಯಿಂದ ಬರುವ ಮೊದಲ ಬಸ್ಸಿನ ಸದ್ದು ಇನ್ನೂ ಕೇಳಿಸಿಲ್ಲ. ಪುಷ್ಯದ ಚಳಿ ಮೂಳೆಗೆ ಇಳಿಯುತ್ತಿದೆ. ಕೆರೆಯಂಚಿನ ಗುಂಡಿಯಲ್ಲಿ ಸೊಂಟದ ಮಟ್ಟದ ನೀರಿಗೆ ಇಳಿದು ನಿಂತಿದ್ದಾರೆ ಹೊಂಬಾಳಮ್ಮ. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಾರೆ. ಕಾಲಿನಿಂದ ತಡವಿ ತಡವಿ ಕೆಸರಿನಡಿ ನೆನೆದ ತೆಂಗಿನ ಕಾಯಿಮಟ್ಟೆ ಹುಡುಕುತ್ತಾರೆ, ಸಿಕ್ಕಿದ್ದನ್ನು ಎಡಗೈಯಲ್ಲಿ ಎತ್ತಿ ದಡಕ್ಕೆ ಎಸೆಯುತ್ತಾರೆ. ಆರು ತಿಂಗಳು ನೀರಿನಲ್ಲಿ ಕೊಳೆತ ಮಟ್ಟೆಯ ನಾತ ಎಂಥದೆಂದು ಪೇಟೆಯವರಿಗೆ ಬರೆದು ತಿಳಿಸುವುದು ಆಗದ ಕೆಲಸ. ಮೂಗಿಗೆ ಕರವಸ್ತ್ರ ಹಿಡಿದು ನಿಂತವರನ್ನು ಕಂಡರೆ ಹೊಂಬಾಳಮ್ಮನಿಗೆ ನಗು ಬರುತ್ತದೆ. "ಒಂದ್ ಗಳಿಗೆ ನಿಂತ್ಕೊ ಕಣಪ್ಪ, ಆಮೇಲೆ ತಿಳಿಯಲ್ಲ" ಎನ್ನುತ್ತಾರೆ.

ದಡದಲ್ಲಿ ಒಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ಜಾಲಿ ಮರದ ಕೊಡತಿ. ಮಟ್ಟೆಯ ಮೇಲುಸಿಪ್ಪೆ ಸುಲಿದು ಕಲ್ಲಿನ ಮೇಲಿಟ್ಟು ಬಡಿಯಬೇಕು. ತಿರುವಿ ಹಾಕಿ ಬಡಿಯಬೇಕು. ಪುಡಿಯೆಲ್ಲ ಉದುರಿ ಬರೀ ನಾರು ಉಳಿಯುವ ತನಕ ಬಡಿಯುತ್ತಲೇ ಇರಬೇಕು. ಹೊತ್ತು ನೆತ್ತಿಗೇರುವುದರೊಳಗೆ ಅರವತ್ತು ಮಟ್ಟೆ ಮುಗಿಯುತ್ತದೆ. ಇಪ್ಪತ್ತೈದು ಮಟ್ಟೆಯ ನಾರಿಗೆ ಒಂದು ಕಾಲೊರಸು. ಅಂದರೆ ಈ ಹೆಂಗಸಿನ ಅರ್ಧ ದಿನದ ಬಡಿತದಲ್ಲಿ ಎರಡು ಮನೆಯ ಬಾಗಿಲಿಗೆ ಕಾಲೊರಸಾಗಿ, ಮೇಲೆ ಒಂದಿಷ್ಟು ನಾರು ಮಿಗುತ್ತದೆ.

ವಯಸ್ಸು ಐವತ್ತನಾಲ್ಕು. ನಿಜ ಹೇಳಬೇಕೆಂದರೆ ಇದು ಅವರು ಮಾಡಬೇಕಾದ ಕೆಲಸವೇ ಅಲ್ಲ. ತುರುವೇಕೆರೆ ತಾಲ್ಲೂಕಿನ ಈ ಸಣ್ಣ ಹಳ್ಳಿಯ ಮಹಿಳಾ ನಾರಿನ ಸಂಘದಲ್ಲಿ ಹದಿನೆಂಟು ವರ್ಷ ಮಗ್ಗದ ಮೇಲೆ ಕೂತ ಕೈ ಇದು. ಇವರಷ್ಟು ನೀಟಾಗಿ ಕಾಲೊರಸು ನೇಯುವವರು ಈ ಮೂರು ತಾಲ್ಲೂಕಿನಲ್ಲಿ ಇಲ್ಲ ಎಂದು ಸಂಘದವರೇ ಒಪ್ಪುತ್ತಾರೆ. ಅಂಥವರನ್ನು ಮೂರು ವಾರದಿಂದ ಮಗ್ಗದಿಂದ ಎಬ್ಬಿಸಿ ಗುಂಡಿಗೆ ಇಳಿಸಿದ್ದಾರೆ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅವರ ಕಾಲೊರಸು ಬೇಕಾದ್ದಕ್ಕಿಂತ ಹೆಚ್ಚು ಚೆನ್ನಾಗಿರುತ್ತದೆ, ಅದೇ ಕಾರಣ.

ಹುಟ್ಟಿದ್ದು ಹೊನ್ನವಳ್ಳಿಯಲ್ಲಿ. ಅಪ್ಪ ಕೊಬ್ಬರಿ ಗಾಡಿ ಹೊಡೆಯುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದ್ದು ಒಂದೇ ವರ್ಷ, ಆಮೇಲೆ ತಿಪಟೂರಿನ ಕೊಬ್ಬರಿ ಮಂಡಿಯೊಂದರ ಅಂಗಳವೇ ಶಾಲೆಯಾಯಿತು. ಅಲ್ಲಿ ಹೆಣ್ಣುಮಕ್ಕಳಿಗೆ ಆರಿಸುವ ಕೆಲಸ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ಒಡೆದು ತೆಗೆದ ಉಂಡೆ ಕೊಬ್ಬರಿ ರಾಶಿ ಬಿದ್ದಿರುತ್ತದೆ. ಒಂದೇ ಗಾತ್ರ, ಒಂದೇ ಬಣ್ಣದ್ದು ಒಂದು ಕಡೆಗೆ. ಚೂರು ಸೊಟ್ಟಗಿದ್ದದ್ದು, ಚೂರು ಸಣ್ಣದು, ಸಿಪ್ಪೆ ಅಂಟಿಕೊಂಡದ್ದು ಇನ್ನೊಂದು ಕಡೆಗೆ. ಮೊದಲಿನದಕ್ಕೆ ಮರ್ಯಾದೆ, ಎರಡನೆಯದಕ್ಕೆ ಸಿಕ್ಕಿದಷ್ಟು. ಒಂದೇ ಸಮ ಇದ್ದದ್ದೇ ಒಳ್ಳೆಯ ಮಾಲು ಎಂಬುದು ಈ ಸೀಮೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡದ ಪಾಠ. ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ. ಹೊಂಬಾಳಮ್ಮನೂ ಹಾಗೇ ಕಲಿತರು, ಆ ಪಾಠವೇ ಮುಂದೊಂದು ದಿನ ಕುತ್ತಿಗೆಗೆ ಬರುತ್ತದೆಂದು ಅವರಿಗೇನು ಗೊತ್ತು.

ಮದುವೆಯಾಗಿ ಈ ಹಳ್ಳಿಗೆ ಬಂದರು. ಗಂಡ ಹುಚ್ಚರಂಗಯ್ಯ ತೋಟದಿಂದ ತೋಟಕ್ಕೆ ಹೋಗಿ ಕಾಯಿ ಸುಲಿಯುವವರು. ಸುಲಿದ ಮಟ್ಟೆ ಆಗೆಲ್ಲ ಒಲೆಗೆ ಇಲ್ಲವೇ ತಿಪ್ಪೆಗೆ. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಊರಿನಲ್ಲಿ ಸಂಘ ಶುರುವಾದಾಗ, ಕಸದಿಂದ ಏನು ಮಾಡುತ್ತಾರಂತೆ ನೋಡೋಣ ಎಂದು ಹೋದ ಹೆಂಗಸರಲ್ಲಿ ಇವರೂ ಒಬ್ಬರು. ಮಲಯಾಳದ ಕಡೆಯಿಂದ ಬಂದ ಒಬ್ಬ ಕಸುಬುದಾರರು ಎರಡು ತಿಂಗಳು ಇದ್ದು ರಾಟೆಯಲ್ಲಿ ಹುರಿ ಹೊಸೆಯುವುದು, ಮಗ್ಗಕ್ಕೆ ಹಾಸು ಎಳೆಯುವುದು, ನಾರು ತುಂಬಿ ಕಬ್ಬಿಣದ ಹಣಿಗೆಯಲ್ಲಿ ಬಡಿದು ಕೂರಿಸುವುದು, ಕೊನೆಗೆ ದೊಡ್ಡ ಕತ್ತರಿಯಲ್ಲಿ ಮೇಲ್ಮೈ ಸವರುವುದು, ಎಲ್ಲವನ್ನೂ ಹೇಳಿಕೊಟ್ಟು ಹೋದರು. ಎಡಗೈಯವರಾದ ಹೊಂಬಾಳಮ್ಮನಿಗೆ ಅವರು ಹೇಳಿಕೊಟ್ಟದ್ದೆಲ್ಲ ತಿರುಗಾಮುರುಗ. ಆದರೂ ಮೂರನೇ ತಿಂಗಳಿಗೆ ಎಲ್ಲರಿಗಿಂತ ಮುಂದಿದ್ದರು.

ಕೆರೆದಡದಲ್ಲೊಂದು ಶೆಡ್ಡು, ಇಪ್ಪತ್ತೆಂಟು ಹೆಂಗಸರು, ಹದಿನಾಲ್ಕು ಮಗ್ಗ. ಸರದಿಯ ಮೇಲೆ ನೇಯುತ್ತಿದ್ದರಿಂದ ಯಾರ ಕಾಲೊರಸು ಯಾವುದೆಂದು ತಿಳಿಯಬೇಕಲ್ಲ. ಹೆಸರು ಬರೆಯೋಣವೆಂದರೆ ಬರೆಯಲು ಬರುವವರು ಇಬ್ಬರೇ. ಅದಕ್ಕೆ ಹೆಂಗಸರೇ ಒಂದು ದಾರಿ ಕಂಡುಕೊಂಡರು. ಕಾಲೊರಸಿನ ಹಿಂಬದಿಯ ಮೂಲೆಯಲ್ಲಿ ಉಳಿಯುವ ಹುರಿಯ ತುದಿಗೆ ಅವರವರದೇ ಒಂದು ಗಂಟು. ಗಂಗಕ್ಕ ಬಾವಿಯ ಕೊಡಕ್ಕೆ ಹಾಕುವ ಕುಣಿಕೆ ಹಾಕುತ್ತಿದ್ದರು. ರಂಗಮ್ಮ ಹೂ ಕಟ್ಟುವ ಹಾಗೆ ಕಟ್ಟುತ್ತಿದ್ದಳು. ಹೊಂಬಾಳಮ್ಮನದು ಎಡಕ್ಕೆ ಎರಡು ಸುತ್ತು ಬಂದು ಒಳಗೆ ನುಸುಳುವ ಗಂಟು, ಬಲಗೈಯವರು ಎಷ್ಟು ತಿಣುಕಿದರೂ ಹಾಕಲಾಗದಂಥದು. ಸಂಘದ ಕಾರ್ಯದರ್ಶಿ ವೀರಭದ್ರಯ್ಯ, ನಿವೃತ್ತ ಪ್ರೈಮರಿ ಮೇಷ್ಟ್ರು, ಶನಿವಾರ ಸಂಜೆ ಕಾಲೊರಸುಗಳನ್ನು ಮಗುಚಿ ಹಾಕಿ ಗಂಟು ನೋಡಿಯೇ ಹೆಸರು ಕೂಗುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ.

ಒಂದು ರಫ್ತು ಕಂಪನಿಯ ಮೂಲಕ ಕಾಲೊರಸುಗಳು ಹೋಗುತ್ತಿದ್ದದ್ದು ಲಂಡನ್ನಿಗೆ. ಕಾಮನ್‌ವೆಲ್ತ್ ದೇಶದ ಮಾಲು ಎಂದು ಅಲ್ಲಿ ಸುಂಕವಿರಲಿಲ್ಲ. ಅರವತ್ತೊಂಬತ್ತರಿಂದ ನಾಲ್ಕೈದು ವರ್ಷ ಶೆಡ್ಡಿನಲ್ಲಿ ಮಾತಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಹೊಂಬಾಳಮ್ಮ ಆ ಕಾಲದ ಮಾತು ಎತ್ತಿದರೆ ಮುಖ ಅರಳುತ್ತದೆ. ರಾಟೆಗಳು ಒಟ್ಟಿಗೆ ತಿರುಗುತ್ತಿದ್ದರೆ ಪಕ್ಕದಲ್ಲಿ ಕೂತವಳ ಮಾತೂ ಕೇಳಿಸುತ್ತಿರಲಿಲ್ಲವಂತೆ. ಹಬ್ಬಕ್ಕೆ ಎರಡು ದಿನ ರಜ ಕೇಳಿದರೆ ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿದ್ದರಂತೆ.

ಎಪ್ಪತ್ತಮೂರರ ಮೊದಲ ದಿನ ಬ್ರಿಟನ್ ಯೂರೋಪಿನ ಸಾಮಾನ್ಯ ಮಾರುಕಟ್ಟೆಗೆ ಸೇರಿತು. ಈ ಊರಿಗೆ ಆ ಸುದ್ದಿ ಬರಲಿಲ್ಲ, ಬಂದಿದ್ದರೂ ಅದಕ್ಕೂ ಕಾಲೊರಸಿಗೂ ಏನು ಸಂಬಂಧ ಎಂದು ಯಾರೂ ಕೇಳುತ್ತಿರಲಿಲ್ಲ. ಬಂದದ್ದು ಬೇರೆ. ಎಂಟುನೂರು ಕೇಳುತ್ತಿದ್ದವರು ಐನೂರು ಕೇಳಿದರು. ಮರುವರ್ಷ ಇನ್ನೂರು. ಎಪ್ಪತ್ತಾರಕ್ಕೆ ಏನೂ ಇಲ್ಲ. ಮೇಷ್ಟ್ರು ಬರೆದ ಕಾಗದಗಳಿಗೆ ಕಂಪನಿಯಿಂದ ಒಂದೇ ಸಾಲಿನ ಉತ್ತರ ಬರುತ್ತಿತ್ತು: ಸದ್ಯಕ್ಕೆ ಬೇಡಿಕೆಯಿಲ್ಲ.

ಈಗ ವೀರಭದ್ರಯ್ಯನವರು ಅದನ್ನು ಬಿಡಿಸಿ ಹೇಳಬಲ್ಲರು. ಪತ್ರಿಕೆ ಓದಿ, ತುಮಕೂರಿಗೆ ಹೋಗಿ ಬಂದು, ಅವರಿವರನ್ನು ಕೇಳಿ ತಿಳಿದುಕೊಂಡದ್ದು. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ದುಂಡು ಬರೆದು ತೋರಿಸುತ್ತಾರೆ, ಶಾಲೆಯ ಅಭ್ಯಾಸ ಬಿಟ್ಟಿಲ್ಲ. ಹಲವು ಮನೆಯವರು ಸೇರಿ ಒಂದೇ ಬೇಲಿ ಹಾಕಿಕೊಂಡಿದ್ದಾರೆ. ಒಳಗಿನವರು ಒಬ್ಬರಿಗೊಬ್ಬರು ಏನು ಕೊಟ್ಟರೂ ತಗೊಂಡರೂ ತಡೆಯಿಲ್ಲ. ಆಚೆಯವರು ಯಾರೇ ಬರಲಿ, ಗೇಟಿನಲ್ಲಿ ಒಂದೇ ಸುಂಕ. ಹೊಸದಾಗಿ ಒಳಗೆ ಸೇರಿದವನು ತನ್ನ ಹಳೆಯ ನೆಂಟಸ್ತಿಕೆಗಳನ್ನೆಲ್ಲ ಬೇಲಿಯಾಚೆ ಬಿಟ್ಟು ಬರಬೇಕು. ಬ್ರಿಟನ್ ಬಿಟ್ಟು ಹೋದ ನೆಂಟರಲ್ಲಿ ನಾವೂ ಇದ್ದೆವು, ಅಷ್ಟೇ ಸಂಗತಿ ಎನ್ನುತ್ತಾರೆ. ಆ ಕೂಟದ ಯಾವ ಸಭೆಯಲ್ಲೂ ಯಾರೂ ಈ ಹಳ್ಳಿಯ ಹೆಸರು ಎತ್ತಿರಲಾರರು. ಕೇಡು ಮಾಡಬೇಕೆಂದು ಅವರು ಕೂತಿದ್ದವರೂ ಅಲ್ಲ. ತಮ್ಮ ತಮ್ಮ ಮನೆ ನೋಡಿಕೊಂಡರು.

ಆದರೆ ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲವಲ್ಲ. ಕಾರಣ ಗೊತ್ತಿಲ್ಲದಾಗ ಹೊಂಬಾಳಮ್ಮ ತಮ್ಮ ತಲೆಗೇ ತಂದುಕೊಂಡರು. "ನಮ್ ಕೆಲ್ಸದಾಗೇ ಏನೋ ಐಬು ಐತೆ ಅಂದ್ಕಂಡೆ ಕಣಪ್ಪ. ಇಲ್ದಿದ್ರೆ ತಗಳ್ತಿದ್ದೋರು ಯಾಕೆ ಬುಡ್ತಾರೆ? ಮಂಡಿಯಾಗೂ ಅಂಗೇ ಅಲ್ವಾ, ಮಾಲು ಕೆಟ್ರೆ ಗಿರಾಕಿ ಬರಲ್ಲ." ಹೀಗೆಂದುಕೊಂಡವರು ಸುಮ್ಮನೆ ಕೂರಲಿಲ್ಲ. ಗಂಡನಿಂದ ಹೊನ್ನೆ ಮರದ ಒಂದು ಅಳತೆ ಕೋಲು ಕೆತ್ತಿಸಿದರು. ಉದ್ದ ಮೂವತ್ತು ಅಂಗುಲ, ಅಗಲ ಹದಿನೆಂಟು, ಮೇಲೆದ್ದ ನಾರಿನ ಜೂಲು ಒಂದು ಅಂಗುಲ, ಎಲ್ಲಕ್ಕೂ ಆ ಕೋಲಿನಲ್ಲೇ ಗೀರು. ಕೂದಲೆಳೆ ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ನೇಯುವುದು. ಕೆಲಸವೇ ಇಲ್ಲದ ಎರಡು ವರ್ಷ, ಊರಿನವರಿಗೆ ಒಂದೊಂದು ನೇಯ್ದು ಕೊಡುತ್ತ, ಆ ಕೋಲು ಹಿಡಿದುಕೊಂಡು ಕೈ ತಿದ್ದಿಕೊಂಡರು. ಮಿಕ್ಕವರ ಕೈಯನ್ನೂ ತಿದ್ದಿದರು.

ಎಪ್ಪತ್ತೆಂಟರಲ್ಲಿ ಅದೃಷ್ಟ ತಿರುಗಿತು ಎಂದು ಎಲ್ಲರೂ ಅಂದುಕೊಂಡರು. ಗ್ರೀಸ್ ದೇಶದ ಒಂದು ಬಂದರು ಊರಿನಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಥನಾಸಿಸ್ ಎಂಬವರು ಕಂಪನಿಯ ಮೂಲಕ ಕಾಲೊರಸು ತರಿಸಿಕೊಳ್ಳತೊಡಗಿದರು. ಹೆಂಗಸರ ಬಾಯಲ್ಲಿ ಅವರು ಅಂಗಡಿಯಪ್ಪ ಆದರು. ವರ್ಷಕ್ಕೆ ಒಂದೆರಡು ಸಲ ಅವರೇ ಮೇಷ್ಟ್ರಿಗೆ ತಪ್ಪುತಪ್ಪು ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತಿದ್ದರು. ತಮ್ಮ ಹೆಂಡತಿಯ ಮಂಡಿನೋವು, ಊರಿನ ಗಾಳಿ, ಮೀನಿನ ಸುದ್ದಿ ಎಲ್ಲ ಅದರಲ್ಲಿ ಇರುತ್ತಿತ್ತು. ಮೇಷ್ಟ್ರು ಅದನ್ನು ಕನ್ನಡದಲ್ಲಿ ಓದಿ ಹೇಳಿದರೆ ಹೆಂಗಸರು ರಾಟೆ ನಿಲ್ಲಿಸಿ ಕೇಳುತ್ತಿದ್ದರು.

ಎಂಬತ್ತೊಂದರಲ್ಲಿ ಗ್ರೀಸೂ ಅದೇ ಕೂಟಕ್ಕೆ ಸೇರಿತು. ಈ ಸಲ ಅಂಗಡಿಯಪ್ಪನೇ ಬರೆದು ತಿಳಿಸಿದರು: ನಮ್ಮ ಹಣ್ಣು, ಎಣ್ಣೆ ದೊಡ್ಡ ದೇಶಗಳಲ್ಲಿ ಮಾರಾಟವಾಗುತ್ತದೆಂದು ನಮ್ಮವರು ಸೇರಿದ್ದಾರೆ, ಒಳ್ಳೆಯದಾಗಲಿ ಎಂದಿದ್ದೇವೆ. ಆದರೆ ದೊಡ್ಡ ದೇಶದ ಮಿಷಿನ್ನಿನ ಕಾಲೊರಸು ಈಗ ಸುಂಕವಿಲ್ಲದೆ ನಮ್ಮ ಊರಿಗೆ ಬಂದು ಬೀಳುತ್ತಿದೆ. ನಮ್ಮ ಬೀದಿಯಲ್ಲಿ ಹುಲ್ಲಿನ ಚಾಪೆ ಹೆಣೆಯುತ್ತಿದ್ದ ಇಬ್ಬರು ಮುದುಕರು ಬಾಗಿಲು ಹಾಕಿದರು. ನಿಮ್ಮ ಮಾಲಿಗೆ ಹಂತ ಹಂತವಾಗಿ ಸುಂಕ ಏರುತ್ತದೆ. ಒಂದೇ ಒಂದು ದಾರಿ ಇದೆ, ಬಡ ದೇಶಗಳ ಕೈಕೆಲಸಕ್ಕೆ ಕೂಟದವರು ಒಂದು ಮಿತಿಯವರೆಗೆ ವಿನಾಯಿತಿ ಇಟ್ಟಿದ್ದಾರೆ. ಕೈಯಿಂದಲೇ ಮಾಡಿದ್ದೆಂಬ ಸರ್ಟಿಫಿಕೇಟು ಬೇಕು. ಕಾಗದದ ಸಾರಾಂಶ ಇಷ್ಟು.

ಅಯ್ಯೋ, ಅದೇನು ದೊಡ್ಡ ವಿಷಯ, ನಮ್ಮ ಊರಲ್ಲಿ ಕರೆಂಟೇ ದಿನಕ್ಕೆ ನಾಲ್ಕು ಗಂಟೆ, ಮಿಷಿನ್ ಎಲ್ಲಿಂದ ಬರಬೇಕು ಎಂದು ಎಲ್ಲರೂ ನಕ್ಕರು. ಸರ್ಟಿಫಿಕೇಟು ಬಂತು. ಮೊದಲೆರಡು ಸಲ ಸಣ್ಣ ಕಟ್ಟುಗಳು ಹೋದವು, ತೊಂದರೆಯಾಗಲಿಲ್ಲ. ಎಂಬತ್ತಮೂರರ ಆರಂಭದಲ್ಲಿ ದೊಡ್ಡ ಬೇಡಿಕೆ ಬಂತು: ಆರುನೂರು. ಇದು ಚೆನ್ನಾಗಿ ದಾಟಿದರೆ ವರ್ಷ ವರ್ಷ ಇಷ್ಟೇ ಎಂದಿದ್ದರು ಅಂಗಡಿಯಪ್ಪ.

ಆರಿಸುವ ಜವಾಬ್ದಾರಿ ಹೊಂಬಾಳಮ್ಮನದು. ಅವರು ಮಾಡಿದ್ದನ್ನು ಈ ತೆಂಗಿನ ಸೀಮೆಯವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆರುನೂರು ಬೇಕಾದರೆ ಏಳುನೂರ ನಲವತ್ತು ನೇಯಿಸಿದರು. ಶೆಡ್ಡಿನ ನೆಲದ ಮೇಲೆ ಕೊಬ್ಬರಿ ಹರಡುವಂತೆ ಹರಡಿಸಿದರು. ಕೋಲು ಹಿಡಿದು ಒಂದೊಂದನ್ನೇ ಅಳೆದು, ಒಂದಕ್ಕೊಂದು ಪಡಿಯಚ್ಚಾದ ಆರುನೂರನ್ನು ಎತ್ತಿಟ್ಟರು. ನೂರ ನಲವತ್ತು ಪಕ್ಕಕ್ಕೆ ಬಿದ್ದವು. ಆ ಮೇಲೆ ಹಿಂಬದಿ ನೋಡಿದರು. ಇಪ್ಪತ್ತೆಂಟು ಥರದ ಗಂಟು, ಗಂಟಿಗೊಂದು ಬಾಲ. ಕೊಬ್ಬರಿಗೆ ಸಿಪ್ಪೆ ಅಂಟಿದ್ದರೆ ಉಜ್ಜಿ ತೆಗೆಯುವ ಕೈ ಅದು, ಸುಮ್ಮನಿರುತ್ತದೆಯೇ? ಗಂಟುಗಳನ್ನೆಲ್ಲ ಕತ್ತರಿಸಿ, ತುದಿಯನ್ನು ದೀಪಕ್ಕೆ ಹಿಡಿದು ಸುಟ್ಟು, ಹುಣಸೆ ಬೀಜದ ಅಂಟು ಸವರಿ ನುಣ್ಣಗೆ ಮಾಡಿ ಎಂದರು. ಗಂಗಕ್ಕ ಮಾತ್ರ ಬೇಡ ಎಂದರು. ಅದು ನಮ್ಮ ಗುರುತು, ಹಿಂದುಗಡೆ ಯಾರು ನೋಡುತ್ತಾರೆ, ಇರಲಿ ಬಿಡು ಎಂದರು. ಹೊಂಬಾಳಮ್ಮ ಕೇಳಲಿಲ್ಲ. ಮೂರು ದಿನ ಕೂತು, ಆರುನೂರರಲ್ಲಿ ಮುಕ್ಕಾಲು ಪಾಲನ್ನು ತಾವೇ ಕತ್ತರಿಸಿದರು.

ಜೂನಿನಲ್ಲಿ ಕಾಗದ ಬಂತು. ಅಲ್ಲಿಯ ಬಂದರಿನ ಸುಂಕದ ಅಧಿಕಾರಿಯೊಬ್ಬರು ಕಟ್ಟು ಬಿಚ್ಚಿಸಿ ನೋಡಿದರಂತೆ. ಒಂದರ ಮೇಲೊಂದು ಇಟ್ಟು ಅಂಚು ತಾಳೆ ನೋಡಿದರಂತೆ. ಮಗುಚಿ ಹಿಂಬದಿ ಸವರಿದರಂತೆ. ಎಲ್ಲೂ ಒಂದು ಗಂಟಿಲ್ಲ, ಒಂದು ಎಳೆ ವ್ಯತ್ಯಾಸವಿಲ್ಲ. ಇದು ಕೈಯಿಂದ ಮಾಡಿದ್ದಲ್ಲ, ಮಿಷಿನ್ನಿನದು, ಸರ್ಟಿಫಿಕೇಟು ಸುಳ್ಳು ಎಂದು ಬರೆದು ಪೂರ್ತಿ ಸುಂಕ, ಮೇಲೆ ದಂಡ ಹಾಕಿದರಂತೆ.

ಮೇಷ್ಟ್ರು ಕಾಗದ ಓದಿದ್ದು ಸಂಜೆ ಬಾಗಿಲು ಹಾಕುವ ಹೊತ್ತಿಗೆ. ಹೊಂಬಾಳಮ್ಮನ ಕಿವಿಗೆ ಬಿದ್ದದ್ದು ಮಿಷಿನ್ನಿನಂತಿದೆ ಎಂಬ ಒಂದು ಮಾತು. ಅವರು ಹಿಗ್ಗಿ ಹೀರೇಕಾಯಾದರು. ಪರದೇಶದ ಆಫೀಸರು ತಮ್ಮ ಕೆಲಸವನ್ನು ಮಿಷಿನ್ನಿನದು ಅಂದುಕೊಂಡರಂತೆ ಎಂದು ಮನೆಗೆ ಹೋಗಿ ಗಂಡನಿಗೆ ಹೇಳಿದರು. ಹುಚ್ಚರಂಗಯ್ಯನೂ ಬೀಗಿ, ಪಕ್ಕದ ಮನೆಗೂ ಹೇಳಿ ಬಂದರು. ಅವತ್ತು ಆ ಮನೆಯಲ್ಲಿ ಶಾವಿಗೆ ಪಾಯಸ. ಮರುದಿನ ಬೆಳಗ್ಗೆ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದಾಗಲೇ ಅದು ಹೊಗಳಿಕೆಯಲ್ಲ ಎಂದು ಗೊತ್ತಾದದ್ದು. ಆ ಪಾಯಸದ ನೆನಪು ಬಂದರೆ ಇವತ್ತಿಗೂ ಅವರಿಗೆ ನಾಚಿಕೆಯಾಗುತ್ತದೆ, ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಿಜವಾದ ಮಿಷಿನ್ನಿನ ಕಾಲೊರಸು ಸುಂಕವಿಲ್ಲದೆ ಒಳಗೆ ಹೋಗುತ್ತದೆ. ಕೈಯಿಂದ ಮಾಡಿದ್ದು ಮಿಷಿನ್ನಿನದೆಂದು ಹೊರಗೆ ನಿಲ್ಲುತ್ತದೆ. ಇದು ಯಾವ ನ್ಯಾಯ ಎಂದು ಕೇಳಬೇಕೆನಿಸುತ್ತದೆ, ಕೇಳುವುದು ಯಾರನ್ನು? ಅಧಿಕಾರಿ ತನ್ನ ಪುಸ್ತಕದಲ್ಲಿ ಇದ್ದಂತೆ ನಡೆದ. ಅಂಗಡಿಯಪ್ಪನಿಗೆ ಅಷ್ಟು ಸುಂಕ ಕಟ್ಟುವ ಶಕ್ತಿ ಇಲ್ಲ. ಮೇಷ್ಟ್ರು ಬರೆದ ಮನವಿ ಅಲ್ಲಿ ತಲುಪುವುದರೊಳಗೆ ಗಡುವು ಮುಗಿದಿತ್ತು. ಆರುನೂರೂ ಆ ಬಂದರಿನ ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು ಹರಾಜಾದವು. ಇತ್ತ, ಸೊಟ್ಟಗಿವೆ ಎಂದು ತಳ್ಳಿದ ನೂರ ನಲವತ್ತು ಊರಲ್ಲೇ ಹಂಚಿಹೋಗಿವೆ. ಶಾಲೆಯ ಬಾಗಿಲಲ್ಲಿ, ಬಸ್ ನಿಲ್ದಾಣದ ಹೋಟೆಲಿನಲ್ಲಿ, ಹಾಲಿನ ಡೈರಿಯ ಮುಂದೆ ಬಿದ್ದಿವೆ. ಒಂದು ತುಸು ಓರೆ, ಒಂದು ತುಸು ಗಿಡ್ಡ, ಒಂದೊಂದರ ಹಿಂದೆಯೂ ಗಂಟು. ಇದು ಕೈಕೆಲಸ ಎಂಬ ಸಾಕ್ಷಿಯನ್ನು ಊರಿಗೆ ಊರೇ ತುಳಿದುಕೊಂಡು ಓಡಾಡುತ್ತಿದೆ.

ಶೆಡ್ಡು ಖಾಲಿಯಾಗುತ್ತ ಬಂತು. ಇಪ್ಪತ್ತೆಂಟು ಹೆಂಗಸರಲ್ಲಿ ಉಳಿದವರು ಒಂಬತ್ತು. ಹದಿನೇಳು ವರ್ಷ ಪಕ್ಕದ ಮಗ್ಗದಲ್ಲಿ ಕೂತಿದ್ದ ಗಂಗಕ್ಕ ಈಗ ಅರವತ್ತರ ವಯಸ್ಸಿನಲ್ಲಿ ದಿನಾ ಬಸ್ಸು ಹತ್ತಿ ತಿಪಟೂರಿಗೆ ಕಾಯಿ ಒಡೆಯಲು ಹೋಗುತ್ತಾರೆ. ಹೊರಡುವ ಹಿಂದಿನ ದಿನ ತಮ್ಮ ಹಣಿಗೆ, ಕತ್ತರಿ ಒಪ್ಪಿಸಲು ಬಂದವರು ಹೊಂಬಾಳಮ್ಮನ ಮುಂದೆ ನಿಂತು ಹೇಳಿದ್ದು ಒಂದೇ ಮಾತು: "ನಮ್ ಗಂಟ ನೀನೇ ಕುಯ್ದೆ ಕಣೇ." ಜಗಳವಾಡಲಿಲ್ಲ, ಅಳಲಿಲ್ಲ. ಅಂದಿನಿಂದ ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾರೆ. "ಬೈದಿದ್ರೆ ಆಗ್ತಿತ್ತು" ಎನ್ನುತ್ತಾರೆ ಹೊಂಬಾಳಮ್ಮ. "ಬೈಸ್ಕಂಡೋರಿಗೆ ಒಂದಿನ ಸಮಾಧಾನ ಆಗ್ತೈತೆ. ನನಗೆ ಅದೂ ಇಲ್ಲ." ಕೊಡತಿ ಎತ್ತಿ ಮತ್ತೊಂದು ಮಟ್ಟೆ ಬಡಿಯುತ್ತಾರೆ.

ಹೋದ ಕಾರ್ತೀಕದಲ್ಲಿ ಅಂಗಡಿಯಪ್ಪನಿಂದ ಮತ್ತೆ ಕಾಗದ ಬಂತು. ಅವರ ಅಂಗಡಿಯೂ ಕುಂಟುತ್ತಿದೆಯಂತೆ. ಆದರೂ ಒಂದು ಕೊನೆಯ ಪ್ರಯತ್ನ, ನೂರು ಕಾಲೊರಸು ಕಳಿಸಿ ಎಂದಿದ್ದಾರೆ. ಕೈಯ ಗುರುತು ಎದ್ದು ಕಾಣಲಿ, ಸ್ವಲ್ಪ ಹೆಚ್ಚುಕಡಿಮೆ ಇರಲಿ. ಇದು ದಾಟಿದರೆ ಮುಂದಿನ ವರ್ಷ ಸಾವಿರ. ದಾಟದಿದ್ದರೆ ಏನೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಯುಗಾದಿಯೊಳಗೆ ಕೆಲಸ ತೋರಿಸದಿದ್ದರೆ ಮಗ್ಗಗಳನ್ನು ವಾಪಸು ಒಯ್ಯುತ್ತೇವೆಂದು ಅವನ್ನು ಕೊಟ್ಟಿದ್ದ ಇಲಾಖೆಯವರು ಹೇಳಿಬಿಟ್ಟಿದ್ದಾರೆ. ಶೆಡ್ಡು ಗೊಬ್ಬರದ ಗೋದಾಮಾಗುತ್ತದೆ.

ಹೊಂಬಾಳಮ್ಮ ಅಳತೆ ಕೋಲನ್ನು ಸೂರಿಗೆ ಸಿಕ್ಕಿಸಿ ಮಗ್ಗಕ್ಕೆ ಕೂತರು. ಬೇಕೆಂದೇ ಒಂದು ಸಾಲು ಸಡಿಲ ಬಿಡಲು ನೋಡಿದರು. ಕೈ ಮುಂದಿನ ಸಾಲಿಗೆ ಹೋಗುವ ಮೊದಲೇ ತಿರುಗಿ ಬಂದು ಅದನ್ನು ಬಿಗಿ ಮಾಡಿತು. ರಂಗಮ್ಮ, ಈಗ ಸಂಘದಲ್ಲಿ ಎಲ್ಲರಿಗಿಂತ ಕಿರಿಯಳು, ಕಣ್ಣು ಮುಚ್ಚಿಕೊಂಡು ನೇಯಿ ಅಕ್ಕ ಎಂದು ಚೇಷ್ಟೆ ಮಾಡಿದಳು. ನಿಜಕ್ಕೂ ಸೆರಗನ್ನು ಕಣ್ಣಿಗೆ ಕಟ್ಟಿಕೊಂಡು ಒಂದು ಕಾಲೊರಸು ನೇಯ್ದರು. ಇಳಿಸಿ ಕೋಲು ಹಿಡಿದರೆ ಮೂವತ್ತಕ್ಕೆ ಹದಿನೆಂಟು, ಒಂದೆಳೆ ಆಚೀಚೆ ಇಲ್ಲ. ರಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಂಬಾಳಮ್ಮ ನಗಲಿಲ್ಲ.

ಮಾಲು ನೋಡಲು ಬ್ರೋಕರ್ ಮಲ್ಲಿಕಾರ್ಜುನಯ್ಯನವರು ತಿಪಟೂರಿನಿಂದ ಬಂದರು. ಕೊಬ್ಬರಿ ವ್ಯಾಪಾರದವರು, ಕಂಪನಿಗೂ ಸಂಘಕ್ಕೂ ನಡುವೆ ಓಡಾಡುವವರು, ಕೆಟ್ಟವರೇನಲ್ಲ. ರಂಗಮ್ಮನ ಕಾಲೊರಸು ಎತ್ತಿ ನೋಡಿ ತಲೆದೂಗಿದರು. ಹಿಂದೆಲ್ಲ ಹತ್ತರಲ್ಲಿ ಆರು ವಾಪಸು ಬರುತ್ತಿದ್ದ ಕೈ ಅದು. ಹೊಂಬಾಳಮ್ಮನ ಹನ್ನೊಂದನ್ನು ಬೇರೆ ಇಡಿಸಿದರು. ಹಿಂದೆ ಗಂಟು ಇದೆಯಲ್ಲ ಎಂದು ಮೇಷ್ಟ್ರು ವಾದಿಸಿದರು. ಮಲ್ಲಿಕಾರ್ಜುನಯ್ಯನವರು ಒಪ್ಪಲಿಲ್ಲ. "ಇದು ಹೋದ್ರೆ ಮಿಕ್ಕಿದ್ದೂ ಅನುಮಾನಕ್ಕೆ ಬೀಳ್ತೈತೆ ಮೇಷ್ಟ್ರೇ. ಗಂಟು ಅವರು ನೋಡ್ತಾರೋ ಇಲ್ವೋ. ಒಬ್ಬರ ಕೈಗೋಸ್ಕರ ಒಂಬತ್ತು ಜನದ ಅನ್ನ ಕಳೀಬೇಡಿ" ಎಂದರು.

ಹೊಂಬಾಳಮ್ಮನೇ ಎದ್ದು, ಅವರು ಹೇಳೋದು ಸರಿ, ನಾನು ಮಟ್ಟೆ ಬಡಿಯುತ್ತೇನೆ, ನಾರಿನ ಕೆಲಸಕ್ಕೂ ಜನ ಬೇಕಲ್ಲ ಎಂದರು. ಮರುದಿನ ಐದೂವರೆಗೆ ಗುಂಡಿಗೆ ಇಳಿದರು. ಅಂದಿನಿಂದ ದಿನಾ ಅರವತ್ತು ಮಟ್ಟೆ. ಅಂಗೈಯಲ್ಲಿ ಮತ್ತೆ ಬೊಬ್ಬೆ ಎದ್ದಿದೆ, ಸಂಜೆ ಅರಿಶಿನ ಎಣ್ಣೆ ಹಚ್ಚುತ್ತಾರೆ. ನೋವಿಗಿಂತ ಅವರನ್ನು ಕಾಡುವುದು ಬೇರೆ. ಶೆಡ್ಡಿನ ಒಳಗೆ ರಂಗಮ್ಮ ಸಾಲು ತಪ್ಪಿಸಿದರೆ ಹಣಿಗೆಯ ಸದ್ದಿನಲ್ಲೇ ಇವರಿಗೆ ಗೊತ್ತಾಗುತ್ತದೆ. ಹೋಗಿ ತಿದ್ದುವ ಹಾಗಿಲ್ಲ. ತಿದ್ದಿದರೆ ಎಲ್ಲರ ಅನ್ನ ಹೋಗುತ್ತದೆ. ಕೊಡತಿ ಹಿಡಿದು ಅಲ್ಲೇ ಕೂತಿರುತ್ತಾರೆ.

ಈ ಶುಕ್ರವಾರ ನೂರು ಕಾಲೊರಸೂ ಸಿದ್ಧವಾಗಿವೆ. ಇಪ್ಪತ್ತೈದರಂತೆ ನಾಲ್ಕು ಕಟ್ಟು. ಮಧ್ಯಾಹ್ನದ ಲಾರಿಗೆ ಹೋಗಬೇಕು. ಎಲ್ಲದರ ಹಿಂದೆಯೂ ಗಂಟು ಇದೆ, ಗಂಗಕ್ಕನ ಕೊಡದ ಕುಣಿಕೆ ಮಾತ್ರ ಅವುಗಳಲ್ಲಿ ಕಾಣುವುದಿಲ್ಲ. ಹೊಂಬಾಳಮ್ಮನದೂ ಇಲ್ಲ. ಅವರ ಹನ್ನೊಂದು ಮೂಲೆಯಲ್ಲಿ ಗೋಣಿ ಮುಚ್ಚಿಕೊಂಡು ಕೂತಿವೆ. ಕಟ್ಟು ಹೊಲಿಯುವುದಕ್ಕೆ ಬಲವಾದ ಕೈ ಬೇಕೆಂದು ಮೇಷ್ಟ್ರು ಕರೆದಾಗ ಅವರು ಕೆರೆಯಿಂದ ಕೈ ತೊಳೆದುಕೊಂಡು ಬರುತ್ತಾರೆ. ಗೋಣಿ ಸುತ್ತಿ ದಬ್ಬಳದಿಂದ ಹೊಲಿಯುತ್ತಾರೆ. ಮೇಲೆ ದಪ್ಪ ಹುರಿ ಬಿಗಿಯುತ್ತಾರೆ, ಮಂಡಿ ಊರಿ, ಹಲ್ಲು ಕಚ್ಚಿ. ಮಲ್ಲಿಕಾರ್ಜುನಯ್ಯನವರು ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾರೆ. ಕೊನೆಯ ಗಂಟಿಗೆ ಬಂದಾಗ ಹೊಂಬಾಳಮ್ಮ ಒಂದು ಗಳಿಗೆ ನಿಲ್ಲುತ್ತಾರೆ, ಆಮೇಲೆ ಎಡಕ್ಕೆ ಎರಡು ಸುತ್ತು ತಂದು ಒಳಗೆ ನುಸುಳಿಸಿ ಎಳೆಯುತ್ತಾರೆ. ನಾಲ್ಕೂ ಕಟ್ಟಿಗೆ ಅದೇ ಗಂಟು. ನೋಡಿದ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಲಾರಿ ತುರುವೇಕೆರೆಯ ಕಡೆ ಹೋಗುತ್ತದೆ. ಮಾಲು ಸಮುದ್ರ ದಾಟಿ ಸುದ್ದಿ ಬರಲು ಮೂರು ತಿಂಗಳಾದರೂ ಬೇಕು, ಯುಗಾದಿಗೆ ಅಷ್ಟು ದಿನವಿಲ್ಲ. ಸಂಘ ಉಳಿಯುತ್ತದೆಯೇ ಎಂದು ಕೇಳಿದರೆ ಹೊಂಬಾಳಮ್ಮ ಗೊತ್ತಿಲ್ಲ ಎನ್ನುತ್ತಾರೆ. ಮತ್ತೆ ಮಗ್ಗಕ್ಕೆ ಕೂರುವ ಆಸೆಯಿಲ್ಲವೇ ಎಂದರೆ, ಅದು ತಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ಕೊಡತಿ ತೊಳೆದು ಕಲ್ಲಿನ ಮೇಲೆ ಒಣಗಲು ಇಡುತ್ತಾರೆ, ನಾಳೆಗೆ ಬೇಕು. ಆಮೇಲೆ ತಾವಾಗಿಯೇ ಹೇಳುತ್ತಾರೆ:

"ಅಲ್ಲಿ ಕಟ್ಟು ಬಿಚ್ಚೋನು ಯಾರೋ ಏನೋ. ಬಲಗಡೆಯಿಂದ ಎಳೆದ್ರೆ ಆ ಗಂಟು ಇನ್ನೂ ಬಿಗೀತೈತೆ. ಎಡಗಡೆಯಿಂದ ಎಳೆದ್ರೆ ಸಲೀಸಾಗಿ ಬಿಚ್ಕಳ್ತೈತೆ. ಒಂದ್ ಗಳಿಗೆ ನಿಂತು ನೋಡಿದ್ರೆ ಅವ್ನಿಗೂ ತಿಳೀತೈತೆ. ನಾನು ಅವತ್ತು ನೋಡ್ಲಿಲ್ಲ, ಕುಯ್ದೇಬುಟ್ಟೆ. ಅವ್ನಾದ್ರೂ ಕತ್ತರಿ ಹಾಕ್ದೆ ಬಿಚ್ಲಿ ಕಣಪ್ಪ, ನನಗೆ ಅಷ್ಟು ಸಾಕು."